ನೂಲಿಲ್ಲದ ಚರ್ಮ

ಜನವರಿ ೯

ಪ್ರೀತಿಯ ಹತ್ತಿಮೂಟೆಗೆ,

ನಿನಗೆ ಇಪ್ಪತ್ತಾರು ತುಂಬಿತೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದರು. ಮೈತುಂಬ ಪಟ್ಟಿ ಸುತ್ತಿಸಿಕೊಂಡು ನನ್ನ ಮೇಜಿನ ಮೇಲೆ ಕೂತಿದ್ದ ನಾಲ್ಕು ವರ್ಷದ ಹುಡುಗಿಗೆ ಇಟ್ಟ ಹೆಸರು ಇದು. ಈಗಲೂ ಹೀಗೆ ಕರೆದರೆ ಜಗಳಕ್ಕೆ ಬರುತ್ತೀಯೋ ಏನೋ. ಬಾ, ಪರವಾಗಿಲ್ಲ. ಅವತ್ತು ನೀನು ನನಗಿಟ್ಟ ಸೂಜಿಮಾಮ ಎಂಬ ಹೆಸರನ್ನು ಲ್ಯಾಬಿನ ಹುಡುಗಿಯರು ಇವತ್ತಿಗೂ ನನ್ನ ಬೆನ್ನ ಹಿಂದೆ ಬಳಸುತ್ತಾರೆ.

ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ನಿನ್ನ ಚರ್ಮದ ಇನ್ನೊಂದು ಚೂರು ಬೇಕಾಗಿದೆ.

ಯಾಕೆಂದು ಹೇಳುತ್ತೇನೆ. ಚರ್ಮಕ್ಕೆ ಮೇಲೊಂದು ಪದರ, ಕೆಳಗೊಂದು ಪದರ. ಎರಡನ್ನೂ ಹಿಡಿದಿಡಲು ನಡುವೆ ಕೆಲವು ಪ್ರೋಟೀನುಗಳಿವೆ. ಒಂದು ಅಂಟಿನಂತೆ, ಇನ್ನೊಂದು ಹೊಲಿಗೆಯ ನೂಲಿನಂತೆ. ಅವುಗಳ ಹೆಸರು ಉದ್ದುದ್ದ, ನಮಗೆ ಅಂಟು, ನೂಲು ಎಂದರೆ ಸಾಕು. ನಿನಗೆ ಹುಟ್ಟಿನಿಂದಲೇ ನೂಲಿಲ್ಲ, ಅದಕ್ಕೇ ಉಜ್ಜಿದಲ್ಲೆಲ್ಲ ಗುಳ್ಳೆ. ಇನ್ನು ಕೆಲವರಿಗೆ ಎಲ್ಲವೂ ಸರಿಯಾಗಿದ್ದು, ನಡುವಯಸ್ಸು ದಾಟಿದ ಮೇಲೆ ರಕ್ತದೊಳಗಿನ ಕಾವಲುಗಾರರಿಗೇ ಬುದ್ಧಿ ಕೆಡುತ್ತದೆ. ತಮ್ಮದೇ ಮನೆಯ ಅಂಟನ್ನೋ ನೂಲನ್ನೋ ಕಳ್ಳನೆಂದು ತಿಳಿದು ಹೊಡೆಯತೊಡಗುತ್ತಾರೆ. ಹೊರಗಿನಿಂದ ನೋಡಿದರೆ ಎರಡರಲ್ಲೂ ಅದೇ ಗುಳ್ಳೆ, ಅದೇ ಹುಣ್ಣು. ಆದರೆ ಏಟು ಅಂಟಿಗೆ ಬಿದ್ದಿದ್ದರೆ ಮೈಯೊಳಗೆ ಎಲ್ಲೋ ಗಡ್ಡೆ ಅಡಗಿರುವ ಅನುಮಾನ, ತಡಮಾಡದೆ ಹುಡುಕಬೇಕು. ನೂಲಿಗೆ ಬಿದ್ದಿದ್ದರೆ ದಾರಿಯೇ ಬೇರೆ, ಔಷಧಿಯೇ ಬೇರೆ.

ಇದನ್ನು ತಿಳಿಯಲು ರೋಗಿಯ ರಕ್ತದ ತಿಳಿಯನ್ನು ನಿನ್ನ ಚರ್ಮದ ಎಳೆಯ ಮೇಲೆ ಬಿಟ್ಟು, ಹಸಿರಾಗಿ ಹೊಳೆಯುವ ಬಣ್ಣ ಹಾಕಿ ನೋಡುತ್ತೇವೆ. ವೈರ ನೂಲಿನ ಮೇಲಾದರೆ ನಿನ್ನಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ ಎಲ್ಲ ಕತ್ತಲೆ. ಅಂಟಿನ ಮೇಲಾದರೆ ಹಸಿರು ಗೆರೆ. ಅವತ್ತು ನಿನ್ನ ತೊಡೆಯಿಂದ ತೆಗೆದ ಚೂರನ್ನು ಇಷ್ಟು ವರ್ಷ ಕೂದಲೆಳೆಯಂತೆ ಸೀಳಿ ಸೀಳಿ ಬಳಸಿದೆ. ಕಳೆದ ತಿಂಗಳು ಮುಗಿದುಹೋಯಿತು.

ಈಗಿನ ರೋಗಿ ಒಬ್ಬ ಡ್ರೈವಿಂಗ್ ಟೀಚರು. ಬಾಯಿ, ಗಂಟಲು ತುಂಬ ಹುಣ್ಣು. ಸಿದ್ಧ ಪರೀಕ್ಷಾ ಕಿಟ್ಟುಗಳು ಅತ್ತಲೂ ಇಲ್ಲ ಇತ್ತಲೂ ಇಲ್ಲದ ಉತ್ತರ ಕೊಟ್ಟಿವೆ. ಒಪ್ಪುವುದಾದರೆ ತೊಡೆಯಲ್ಲೇ, ಹಳೆಯ ಗುರುತಿನ ಪಕ್ಕದಲ್ಲೇ ತೆಗೆಸು. ಒಲ್ಲೆ ಎಂದರೆ ಒಲ್ಲೆ, ನನಗೇನೂ ಬೇಜಾರಿಲ್ಲ.

ಇಂತಿ,
ಸೂಜಿಮಾಮ

---

ಜನವರಿ ೧೬

ಸೂಜಿಮಾಮನಿಗೆ ನಮಸ್ಕಾರ.

ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಬೆರಳುಗಳೆಲ್ಲ ಕೂಡಿಕೊಂಡು ಮುಷ್ಟಿಯಾಗಿವೆ, ಎರಡು ಮುಷ್ಟಿಗಳ ನಡುವೆ ಪೆನ್ನು ಹಿಡಿದು ಬರೆಯುತ್ತೇನೆ. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಧ್ವನಿ ಕೇಳಿದರೆ ನಾನು ನಾಲ್ಕು ವರ್ಷದವಳಾಗಿಬಿಡುತ್ತೇನೆ, ಅದು ನನಗೆ ಇಷ್ಟವಿಲ್ಲ. ಈಗ ನಾನು ಬಸ್ ನಿಲ್ದಾಣದಲ್ಲಿ ಮೈಕು ಹಿಡಿಯುವವಳು. ಹಿಡಿಯುವವಳು ಎಂದರೆ ಮೊಣಕೈಯಲ್ಲಿ ಗುಂಡಿ ಒತ್ತಿ ಕೂಗುವವಳು. ನಾನು ಮೂರನೇ ಪ್ಲಾಟ್‌ಫಾರ್ಮಿಗೆ ಹೋಗಿ ಎಂದರೆ ನಿಲ್ದಾಣಕ್ಕೆ ನಿಲ್ದಾಣವೇ ಗಂಟುಮೂಟೆ ಎತ್ತಿಕೊಂಡು ಓಡುತ್ತದೆ. ಮನೆಯಲ್ಲಿ ಮಾತ್ರ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ನಿಮ್ಮ ಕಾಗದ ಓದಿ ಹೇಳಿದಾಗ ಅಮ್ಮ ಪಟ್ಟಿ ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಕಾಯಿಲೆ ಯಾರಿಗೋ, ಕತ್ತರಿ ನನ್ನ ಮಗಳಿಗೆ!" ಆಮೇಲೆ ನಿಮ್ಮನ್ನು ಇನ್ನೂ ಏನೇನೋ ಅಂದಳು, ಬರೆಯುವುದಿಲ್ಲ. ಅವಳ ಸಿಟ್ಟು ಸುಳ್ಳಲ್ಲ, ಮಾಮ. ನನ್ನ ತೊಡೆ ಮೇಲೆ ಒಂದು ಗೀರು ಬಿದ್ದರೆ ಮುಚ್ಚುವುದಕ್ಕೆ ಒಂದು ಋತುವೇ ಬೇಕು, ಕೆಲವು ಮುಚ್ಚುವುದೇ ಇಲ್ಲ. ದಿನಾ ಬೆಳಿಗ್ಗೆ ಅದನ್ನು ತೊಳೆಯುವವಳು ಅವಳು.

ನನಗೂ ಸಿಟ್ಟು ಬಂತು. ನನ್ನಿಂದ ಒಂದು ಚೂರು ತೆಗೆದುಕೊಂಡು ಇಷ್ಟು ವರ್ಷ ಯಾರ್ಯಾರ ಕಾಯಿಲೆ ಕಂಡುಹಿಡಿದಿರಿ? ಒಂದು ಸಲವಾದರೂ ಇಂಥವರಿಗೆ ಒಳ್ಳೆಯದಾಯಿತು ಎಂದು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಹಾಗಾಗಿ ಒಂದೇ ಷರತ್ತು. ಈ ಡ್ರೈವಿಂಗ್ ಟೀಚರಿಗೆ ಏನಾಯಿತೆಂದು, ಒಳ್ಳೆಯದೋ ಕೆಟ್ಟದ್ದೋ, ನೀವು ನನಗೆ ತಿಳಿಸಬೇಕು.

ಕೊಡುತ್ತೇನೆ. ಚೂರು ಹಾಕುವ ಸೀಸೆ ಕಳಿಸಿ.

ಅವರಿಗೆ ಹೇಳಿ: ಬಿಸಿ ಬೇಡ, ಹುಳಿ ಬೇಡ. ಬ್ರೆಡ್ಡಿನ ಅಂಚು ಕಿತ್ತು ತಣ್ಣನೆ ಹಾಲಿನಲ್ಲಿ ನೆನೆಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ ನುಂಗಬೇಕು. ನುಂಗುವ ವಿಷಯದಲ್ಲಿ ನಾನು ನಿಮ್ಮ ಡಾಕ್ಟರುಗಳಿಗೆಲ್ಲ ಮೇಷ್ಟರು.

ಹತ್ತಿ (ಮೂಟೆ ಬೇಡ)

---

ಜನವರಿ ೨೭

ಮಾಮ,

ಸೀಸೆ ಈ ಪೆಟ್ಟಿಗೆಯಲ್ಲಿದೆ. ನಮ್ಮ ಆಸ್ಪತ್ರೆಯ ಚರ್ಮದ ಡಾಕ್ಟರಮ್ಮ ತೆಗೆದುಕೊಟ್ಟರು. ಹೊಸಬರು, ಒಳ್ಳೆಯವರು, ನನಗಿಂತ ಅವರೇ ಹೆಚ್ಚು ಬೆವರಿದರು. ಅಮ್ಮ ಕೊನೆಗೂ ಒಪ್ಪಿದಳು, ಅವಳದೇ ಒಂದು ಷರತ್ತಿನ ಮೇಲೆ. ಅದೇನೆಂದು ನಿಮಗೆ ಬೇಡ, ಅದು ನಮ್ಮಿಬ್ಬರ ನಡುವಿನದು.

ನೀವು ಹೇಳಿದ ಹಾಗೆಯೇ ಎಲ್ಲ ಆಗಿದೆ. ಬೇಗ ನೋಡಿ.

ಹತ್ತಿ

---

ಫೆಬ್ರವರಿ ೩

ಪ್ರೀತಿಯ ಹತ್ತಿಗೆ,

ನಿನ್ನ ಷರತ್ತಿನಂತೆ ಬರೆಯುತ್ತಿದ್ದೇನೆ. ಗೆರೆ ಹೊಳೆಯಿತು. ನಿನ್ನ ಚರ್ಮದ ಮೇಲೆ ಉದ್ದಕ್ಕೂ, ಹಸಿರಾಗಿ, ಸಂಶಯಕ್ಕೆ ಎಡೆಯಿಲ್ಲದಂತೆ. ಅಂದರೆ ವೈರ ಅಂಟಿನ ಮೇಲೆ. ನನಗೆ ಬೇಕಾಗಿದ್ದ ಉತ್ತರ ಅದಲ್ಲ. ಆದರೆ ಕಾಯಿಲೆ ನಮ್ಮನ್ನು ಕೇಳಿ ಬರುವುದಿಲ್ಲವಲ್ಲ.

ಟೀಚರ ಸ್ಕ್ಯಾನಿನಲ್ಲಿ ಶ್ವಾಸಕೋಶದ ಒಂದು ಮೂಲೆಯಲ್ಲಿ ಸಣ್ಣದೊಂದು ನೆರಳು ಕಾಣುತ್ತಿದೆ. ಹಳೆಯ ಗಾಯದ ಕಲೆಯಿರಬಹುದು, ಮೂರು ತಿಂಗಳು ಕಾದು ನೋಡೋಣ ಎನ್ನುತ್ತಿದ್ದರು. ನನ್ನ ವರದಿ ಕೈಸೇರಿದ ಮೇಲೆ ಯಾರೂ ಕಾಯುವುದಿಲ್ಲ. ಇಪ್ಪತ್ತಾರನೇ ತಾರೀಖು ಎದೆ ತೆರೆದು ಆ ಭಾಗ ತೆಗೆಯುತ್ತಾರೆ. ಎದೆಗಿಂತ ನನಗೆ ಗಂಟಲಿನದೇ ಭಯ. ಅರಿವಳಿಕೆ ಕೊಟ್ಟ ಮೇಲೆ ಉಸಿರಿಗೆಂದು ಆ ಹುಣ್ಣಾದ ಗಂಟಲಿನೊಳಗೆ ಕೊಳವೆ ಇಳಿಸಬೇಕು. ಇಳಿಸುವಾಗ ಒಳಪದರ ಕಿತ್ತುಬಂದರೆ ಏನಾಗುತ್ತದೆಂದು ನಿನಗೆ ನಾನು ಹೇಳಬೇಕಾಗಿಲ್ಲ.

ನಿನ್ನ ಬ್ರೆಡ್ಡಿನ ಉಪಾಯ ಫಲಿಸಿತು. ತಲೆ ಬಾಗಿಸು ಎಂದರೆ ಮೊದಲು ಜಗಳ, ಆಮೇಲೆ ಎರಡು ಚೂರು ಒಳಗಿಳಿಯಿತು. ಮಾತು ಹೊರಡುವುದಿಲ್ಲ, ಆದರೂ ದರ್ಬಾರು ಬಿಟ್ಟಿಲ್ಲ. ನಾನು ಚಮಚವನ್ನು ಸ್ವಲ್ಪ ಬೇಗ ತಂದರೆ ಊಟದ ಮೇಜಿನ ಕೆಳಗೆ ಪಾದ ನೆಲಕ್ಕೆ ಒತ್ತುತ್ತದೆ. ಬ್ರೇಕು ಹಾಕುವುದು!

ಗಾಯ ಹೇಗಿದೆ? ಸುಳ್ಳು ಹೇಳಬೇಡ.

ಸೂಜಿಮಾಮ

---

ಫೆಬ್ರವರಿ ೮

ಮಾಮ,

ಗಾಯ ಆಗಲೇ ಒಣಗಿತು! ಪಟ್ಟಿ ಬಿಚ್ಚಿ ಮೂರು ದಿನವಾಯಿತು. ಸುಳ್ಳಲ್ಲ, ಅಮ್ಮನ ಆಣೆ.

ಈಗ ನಿಮ್ಮ ವಿಚಾರಣೆ. ಲ್ಯಾಬಿನಲ್ಲಿ ಕೂತವರಿಗೆ ರೋಗಿಯ ಊಟದ ಮೇಜಿನ ಕೆಳಗೆ ಏನು ನಡೆಯುತ್ತದೆಂದು ಹೇಗೆ ಗೊತ್ತು? ರೋಗಿಗೆ ಚಮಚದಲ್ಲಿ ಉಣಿಸುವವರು ನೀವು. ಕಾಗದ ಓದುತ್ತಿದ್ದಂತೆಯೇ ಅಮ್ಮ "ಅಯ್ಯೋ, ಅದು ಅವರ ಹೆಂಡ್ತಿ ಕಣೇ" ಅಂದಳು. ಮಾಮ, ಅದು ಅತ್ತೆ ಅಲ್ಲವೇ? ನಾನು ಅವರನ್ನು ನೋಡಿಲ್ಲ, ಆದರೂ ಓದಿ ಅಳು ಬಂತು. ನಿಮ್ಮ ಮೇಲೆ ಕೋಪವೂ ಬಂತು. ಮನೆಯವಳಿಗೆ ಬೇಕು ಎಂದು ಬರೆದಿದ್ದರೆ ನಾನೇನು ಇಲ್ಲವೆನ್ನುತ್ತಿದ್ದೆನೇ?

ಒಂದು ವಿಷಯಕ್ಕೆ ಮಾತ್ರ ಖುಷಿ. ನಾನೂ ಒಂದನ್ನು ಮುಚ್ಚಿಟ್ಟಿದ್ದೆ, ಈಗ ಹೇಳಬಹುದು. ಅಮ್ಮನ ಷರತ್ತು ಏನೆಂದರೆ, ಹುಣ್ಣು ಬಿದ್ದ ತೊಡೆಯಿಂದ ಕೊಡಬಾರದು ಎಂದು. "ಇನ್ನೊಬ್ಬರಿಗೆ ಕೊಡೋದಾದ್ರೆ ಒಳ್ಳೇದನ್ನೇ ಕೊಡ್ಬೇಕು. ಕೊಳೆತ ಹಣ್ಣನ್ನ ಯಾರಾದ್ರೂ ಕೊಡ್ತಾರಾ?" ನನ್ನ ಎಡ ತೋಳಿನ ಹಿಂಭಾಗದಲ್ಲಿ ಅಂಗೈಯಷ್ಟು ಜಾಗವಿದೆ. ಎಷ್ಟೋ ವರ್ಷದಿಂದ ಅಲ್ಲಿ ಒಂದು ಗುಳ್ಳೆಯೂ ಎದ್ದಿಲ್ಲ. ಬಟ್ಟೆ ಉಜ್ಜಿದರೂ ಏನೂ ಆಗುವುದಿಲ್ಲ. ನಾವದನ್ನು ರಾಜನ ಜಾಗ ಎನ್ನುತ್ತೇವೆ. ಡಾಕ್ಟರಮ್ಮ ತೊಡೆ ಎಂದರು, ನಾನು ಸೂಜಿಮಾಮ ತೋಳು ಎಂದಿದ್ದಾರೆ ಅಂದೆ. ಅಲ್ಲಿಂದಲೇ ತೆಗೆಸಿದೆ. ಅತ್ತೆಗೆ ನನ್ನ ಮೈಯ ಎಲ್ಲಕ್ಕಿಂತ ಒಳ್ಳೆಯ ಚರ್ಮ ಹೋಯಿತೆಂದು ಸಮಾಧಾನವಾಗಿದೆ.

ಆಪರೇಷನ್ ಚೆನ್ನಾಗಿ ಆಗಲಿ. ದಿನಾ ನೆನೆಯುತ್ತಿದ್ದೇನೆ.

ಹತ್ತಿ

---

ಫೆಬ್ರವರಿ ೧೧

ಹತ್ತಿ,

ನಿನ್ನ ಕಾಗದ ಓದಿದವನೇ ಲ್ಯಾಬಿಗೆ ಓಡಿದೆ.

ಒಳ್ಳೆಯದನ್ನು ಕೊಡಬೇಕೆಂದ ನಿನ್ನ ಅಮ್ಮನ ತಪ್ಪಿಲ್ಲ. ನಿನ್ನ ತಪ್ಪೂ ಇಲ್ಲ. ನನಗೆ ಬೇಕಾಗಿದ್ದದ್ದು ಒಳ್ಳೆಯ ಚರ್ಮವಲ್ಲ, ನೂಲಿಲ್ಲದ ಚರ್ಮ ಎಂದು ಒತ್ತಿ ಹೇಳಬೇಕಾಗಿದ್ದವನು ನಾನು. ಹೇಳದಿದ್ದರೂ ಹೋಗಲಿ. ಹೊಸ ಚೂರು ಬಂದ ಕೂಡಲೆ, ರೋಗಿಯ ರಕ್ತ ಮುಟ್ಟಿಸುವ ಮೊದಲು, ಅದರಲ್ಲಿ ನೂಲು ನಿಜವಾಗಿ ಇಲ್ಲವೇ ಎಂದು ಬೇರೊಂದು ಗಾಜಿನ ಮೇಲೆ ನೋಡಬೇಕು. ಇದು ನಾನೇ ಹುಡುಗಿಯರಿಗೆ ತಲೆ ಕುಟ್ಟಿ ಕಲಿಸುವ ಪಾಠ. ಈ ಸಲ ನೋಡಲಿಲ್ಲ. ನಿನ್ನ ಚರ್ಮ ನನಗೆ ಗೊತ್ತಿಲ್ಲವೇ ಎಂಬ ಧಿಮಾಕು, ಮನೆಯಲ್ಲಿ ಹೆಂಡತಿ ಎಂಜಲು ನುಂಗಲೂ ಒದ್ದಾಡುತ್ತಿದ್ದಾಳೆಂಬ ಅವಸರ. ಆತುರಗಾರನಿಗೆ ಬುದ್ಧಿ ಮಟ್ಟ.

ಹೌದು, ಅವಳು ನನ್ನ ಹೆಂಡತಿ. ಮನೆಯವಳಿಗೆಂದು ಬೇಡಿದರೆ ನಿನಗೆ ಇಲ್ಲವೆನ್ನುವ ದಾರಿಯೇ ಉಳಿಯುವುದಿಲ್ಲ ಎಂದು ಮುಚ್ಚಿಟ್ಟೆ.

ನಿನ್ನೆ ಉಳಿದ ಎಳೆಗಳ ಮೇಲೆ ಆ ಬಿಟ್ಟುಹೋದ ಪರೀಕ್ಷೆ ಮಾಡಿದೆ. ನಿನ್ನ ರಾಜನ ಜಾಗದಲ್ಲಿ ನೂಲಿದೆ, ಹತ್ತಿ! ಸಾಲಾಗಿ, ಗಟ್ಟಿಯಾಗಿ. ಅಪರೂಪಕ್ಕೆ ಹೀಗಾಗುವುದುಂಟು ಎಂದು ಓದಿದ್ದೆ. ಒಂದು ಜೀವಕೋಶದಲ್ಲಿ ತಪ್ಪು ತಾನಾಗಿ ಸರಿಹೋಗಿ, ಅದರ ಸಂತಾನವೆಲ್ಲ ಸರಿಯಾದ ಚರ್ಮವಾಗಿ ಬೆಳೆಯುವುದು. ಕಣ್ಣಾರೆ ಕಂಡದ್ದು ಇದೇ ಮೊದಲು. ಅಂಥ ಜಾಗದಿಂದ ಚರ್ಮ ಬೆಳೆಸಿ ಅದೇ ಮನುಷ್ಯರಿಗೆ ಹಚ್ಚಲು ಪ್ರಯತ್ನಿಸುತ್ತಿರುವವರಿದ್ದಾರೆ, ಅವರಿಗೆ ಬರೆಯುತ್ತೇನೆ. ಇನ್ನು ಮುಂದೆ ಆ ಜಾಗಕ್ಕೆ ಯಾರನ್ನೂ ಕೈಹಾಕಲು ಬಿಡಬೇಡ, ನನ್ನನ್ನೂ.

ನೂಲಿರುವ ಚರ್ಮದಲ್ಲಿ ವೈರ ಯಾವುದರ ಮೇಲಿದ್ದರೂ ಗೆರೆ ಹೊಳೆಯುತ್ತದೆ, ಆದ್ದರಿಂದ ನನ್ನ ವರದಿಗೆ ಅರ್ಥವಿಲ್ಲ. ವೈರ ಅಂಟಿನ ಮೇಲೋ ನೂಲಿನ ಮೇಲೋ ನನಗೆ ಗೊತ್ತಿಲ್ಲ. ಸರ್ಜನರ ಬಳಿ ಹೋಗಿ ವರದಿ ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ನೀವೇ ಬರ್ದಿದ್ದು, ಈಗ ನೀವೇ ಅಲ್ಲ ಅಂತೀರಿ. ಸ್ವಂತ ಹೆಂಡ್ತಿ ಅಂತ ಹೆದ್ರಿದ್ದೀರಿ ಸಾರ್, ನಂಗರ್ಥ ಆಗುತ್ತೆ. ಆದ್ರೆ ನಿಜವಾಗ್ಲೂ ಗಡ್ಡೆ ಇದ್ರೆ? ಇಪ್ಪತ್ತೈದರೊಳಗೆ ಸರಿಯಾದ ಪರೀಕ್ಷೆ ತನ್ನಿ, ನಿಲ್ಲಿಸ್ತೀನಿ. ಇಲ್ದಿದ್ರೆ ನಾನು ಕಾಯಲ್ಲ." ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ಗೊತ್ತಿರುವ ಎಲ್ಲ ಲ್ಯಾಬುಗಳಿಗೂ ನೂಲಿಲ್ಲದ ಚರ್ಮದ ಎಳೆ ಇದ್ದರೆ ಕಳಿಸಿ ಎಂದು ಕೇಳಿದ್ದೇನೆ. ಎಲ್ಲಾದರೂ ಸಿಗುತ್ತದೆ. ಸಿಗುವವರೆಗೆ ಬಿಡುವುದಿಲ್ಲ.

ನಿನ್ನನ್ನು ಎರಡನೇ ಸಲ ಕೇಳುತ್ತಿಲ್ಲ. ಇದನ್ನು ಕೇಳಿಕೆಯೆಂದು ಓದಿಕೊಂಡೀಯೆ, ಜೋಕೆ. ತೊಡೆಯ ಗಾಯ ನಿನಗೆ ಏನು ಮಾಡುತ್ತದೆಂದು ನನಗೆ ಗೊತ್ತು.

ಸೂಜಿಮಾಮ

---

ಫೆಬ್ರವರಿ ೧೫

ಮಾಮ,

ಕೇಳುತ್ತಿಲ್ಲ ಎಂದಿರಿ. ಸರಿ, ನೀವು ಕೇಳಲಿಲ್ಲ. ನಾನು ಕೊಡುತ್ತಿದ್ದೇನೆ.

ಸೀಸೆ ಪೆಟ್ಟಿಗೆಯಲ್ಲಿದೆ. ಈ ಸಲ ತೊಡೆ. ಹಳೆಯ ಗುರುತಿನ ಪಕ್ಕದಲ್ಲಿ, ಮೊನ್ನೆಯಷ್ಟೇ ಗುಳ್ಳೆ ಎದ್ದು ಇಳಿದ ಕಡೆ. ಡಾಕ್ಟರಮ್ಮ ಮೊದಲು ಒಲ್ಲೆನೆಂದರು. ಅವರಿಗೆ ನಿಮ್ಮ ಕಾಗದ ಪೂರ್ತಿ ಓದಿ ಹೇಳಿದೆ. ಅವರು "ಇದು ವಾಸಿಯಾಗ್ದೇ ಹೋದ್ರೆ?" ಅಂದರು. ವಾಸಿಯಾಗದ ಗಾಯ ನನ್ನ ಮೈಮೇಲೆ ಇದೇ ಮೊದಲಲ್ಲ ಅಂದೆ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಬೇಡ ಎನ್ನುತ್ತಾಳೆಂದು ನಾನು ಸಿದ್ಧವಾಗಿದ್ದೆ, ಉತ್ತರಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವಳು ಒಳಗೆ ಬಂದು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಡಾಕ್ಟರಿಗೆ "ನೀವು ತೆಗೀರಿ" ಅಂದಳು. ಆಮೇಲೆ ದಾರಿಯುದ್ದಕ್ಕೂ ನಿಮಗೆ ಬೈದಳು. ಅದು ಬೇರೆ ವಿಷಯ.

ಹುಟ್ಟಿದಾರಭ್ಯ ಎಲ್ಲರೂ ನನ್ನ ಚರ್ಮವನ್ನು ನೋಡಿ ಅಯ್ಯೋ ಎಂದವರೇ. ಮದುವೆಗಳಲ್ಲಿ, ಬಸ್ಸುಗಳಲ್ಲಿ, ಶಾಲೆಯಲ್ಲಿ. ಇದರಲ್ಲಿ ಇದಿಲ್ಲ, ಅದಿಲ್ಲ. ಆ 'ಇಲ್ಲ'ವೇ ಬೇಕಾಗಿದೆ ಎಂದು ಕೇಳಿದವರು ನೀವೊಬ್ಬರೇ. ನಾನು ಅರ್ಥ ಮಾಡಿಕೊಳ್ಳದೆ, ನೂಲು ಇದ್ದದ್ದನ್ನು ಕಳಿಸಿದೆ. ಈಗ ಸರಿಯಾದದ್ದು ಬಂದಿದೆ, ಈ ಸಲ ಎಲ್ಲ ಪರೀಕ್ಷೆ ಮಾಡಿ. ಒಂದನ್ನೂ ಬಿಡಬೇಡಿ. ಬಿಟ್ಟರೆ ಬಂದು ನಿಮ್ಮ ಲ್ಯಾಬಿನ ಮುಂದೆ ಮೈಕು ಹಾಕಿ ಮಾನ ಕಳೆಯುತ್ತೇನೆ.

ಹತ್ತಿ

---

ಫೆಬ್ರವರಿ ೨೦

ತಾಯಿ ಹತ್ತಿ,

ಬೈಯಬೇಕೆಂದು ಕೂತವನು ಬೈಯಲಾರದೆ ಬರೆಯುತ್ತಿದ್ದೇನೆ.

ಮೊದಲು ಬಿಟ್ಟುಹೋಗಿದ್ದ ಪರೀಕ್ಷೆ ಮಾಡಿದೆ. ನೂಲಿಲ್ಲ. ಆಮೇಲೆ ಅಂಟು ಇದೆಯೇ ಎಂದು ನೋಡಿದೆ. ಇದೆ. ಆಮೇಲಷ್ಟೇ ಅವಳ ರಕ್ತದ ತಿಳಿಯನ್ನು ಎರಡು ಗಾಜಿನ ಮೇಲೆ ಬಿಟ್ಟೆ, ಒಂದರಲ್ಲಿ ಸಾಮಾನ್ಯ ಚರ್ಮ, ಒಂದರಲ್ಲಿ ನಿನ್ನದು. ನನ್ನ ಕಣ್ಣನ್ನು ನಂಬದೆ, ಯಾರ ಪರೀಕ್ಷೆ ಎಂದು ತಿಳಿಸದೆ ಲ್ಯಾಬಿನ ಹಿರಿಯ ಹುಡುಗಿಯನ್ನು ಕೂರಿಸಿದೆ. ಸಾಮಾನ್ಯ ಚರ್ಮದಲ್ಲಿ ಹಸಿರು ಗೆರೆ ಕಂಡಿತು. ನಿನ್ನದನ್ನು ಇಟ್ಟಾಗ ಅವಳು ಗುಂಡಿ ತಿರುಗಿಸಿ ತಿರುಗಿಸಿ ನೋಡಿದಳು. "ಸರ್, ಇದ್ರಲ್ಲಿ ಏನೂ ಕಾಣ್ತಾ ಇಲ್ಲ. ಪೂರ್ತಿ ಕತ್ತಲೆ. ಬಣ್ಣ ಹಾಕೋದು ಮರೆತ್ರಾ?" ಅಂದಳು.

ಮರೆತಿರಲಿಲ್ಲ. ಅವಳನ್ನು ಎಬ್ಬಿಸಿ ನಾನು ನೋಡಿದೆ. ಕತ್ತಲೆ ನೋಡಿ ಇಷ್ಟು ಸಂತೋಷಪಟ್ಟ ಮನುಷ್ಯ ಇನ್ನೊಬ್ಬನಿರಲಾರ. ಹುಡುಗಿಯರ ಮುಂದೆಯೇ ಅತ್ತುಬಿಟ್ಟೆ.

ವೈರ ನೂಲಿನ ಮೇಲೆ. ಗಡ್ಡೆಯ ಬೆನ್ನು ಹತ್ತುವ ಕಾರಣ ಹೋಯಿತು. ಸರ್ಜನರು ಎರಡು ಗಾಜನ್ನೂ ತಾವೇ ನೋಡಿ ಇಪ್ಪತ್ತಾರನ್ನು ಹೊಡೆದುಹಾಕಿದರು. ನೆರಳನ್ನು ಏಪ್ರಿಲ್ ಕೊನೆಗೆ ಮತ್ತೆ ಸ್ಕ್ಯಾನಿನಲ್ಲಿ ನೋಡುವುದು, ಅಷ್ಟೇ. ಔಷಧಿ ಇವತ್ತೇ ಬದಲಾಯಿತು. ಆ ಗಂಟಲಿಗೆ ಯಾರೂ ಕೊಳವೆ ಇಳಿಸುವುದಿಲ್ಲ.

ಗಾಯ ಹೇಗಿದೆಯೆಂದು ಬರೆ. ಅಮ್ಮನ ಆಣೆ ಇಡದೆ ಬರೆ.

ನಿನ್ನ,
ಸೂಜಿಮಾಮ

---

ಮಾರ್ಚ್ ೧೨

ಮಾಮ,

ಸುದ್ದಿ ಓದಿ ಮೈಕಿನಲ್ಲೇ ಕೂಗಿಬಿಡೋಣ ಅನ್ನಿಸಿತು. ಅಮ್ಮ ನಿಮಗೆ ಬೈಯುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾಳೆ.

ಗಾಯ ಪರವಾಗಿಲ್ಲ. ಕೆಲಸ ಜಾಸ್ತಿ, ಹೆಚ್ಚು ಬರೆಯಲಾಗುವುದಿಲ್ಲ.

ಹತ್ತಿ

---

ಏಪ್ರಿಲ್ ೩೦

ಮಗಳೇ,

ನಿನ್ನ ಮಾಮ ಮೊದಲ ಕಾಗದದಲ್ಲಿ ಹೆಂಡತಿ ಎನ್ನದೆ ರೋಗಿ ಎಂದು ಬರೆದ ಆ ಮಹಾತಾಯಿ ನಾನೇ. ಈ ಕಾಗದ ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಗೊತ್ತಾದರೆ ಹತ್ತು ಸಲ ಯೋಚಿಸು ಎನ್ನುತ್ತಾರೆ. ನಾನು ಒಂದೇ ಸಲ ಯೋಚಿಸುವವಳು.

ನಿನ್ನೆ ಸ್ಕ್ಯಾನಾಯಿತು. ನೆರಳು ಇದ್ದಷ್ಟೇ ಇದೆ. ಯಾವ ಕಾಲದ್ದೋ ಕಲೆ, ಇನ್ನು ತಲೆ ಕೆಡಿಸಿಕೊಳ್ಳಬೇಡಿ ಅಂದರು. ಬಾಯಿಯ ಹುಣ್ಣು ಮುಕ್ಕಾಲು ಮಾಸಿದೆ. ಹೋದ ವಾರದಿಂದ ಬ್ರೆಡ್ಡಿನ ಅಂಚು ಕೀಳದೆ ತಿನ್ನುತ್ತಿದ್ದೇನೆ, ಮೂರು ಹೊಸ ವಿದ್ಯಾರ್ಥಿಗಳಿಗೆ ಬೈದೂ ಆಯಿತು.

ಮಾರ್ಚಿನ ನಿನ್ನ ಕಾಗದವನ್ನು ಇವರು ಓದಿ ನೆಮ್ಮದಿಯಿಂದ ಮಡಚಿಟ್ಟರು. ನಾನು ತೆಗೆದು ಓದಿದೆ. ಊಟದ ಮೇಜಿನ ಸಂಗತಿಯಿಂದ ಹೆಂಡತಿಯನ್ನು ಪತ್ತೆಹಚ್ಚಿದ ಹುಡುಗಿ, ತನ್ನ ಗಾಯದ ಬಗ್ಗೆ ಎರಡು ಪದ ಬರೆದು ಕೆಲಸ ಜಾಸ್ತಿ ಎಂದರೆ ನಾನು ನಂಬುತ್ತೇನೆಯೇ? ನಿನ್ನ ಅಮ್ಮನಿಗೆ ಫೋನು ಮಾಡಿದೆ. ಮೊದಲು ಚೆನ್ನಾಗಿದ್ದಾಳೆ ಅಂದರು. ನಿಜ ಹೇಳಿ ಅಂದೆ. ಆಮೇಲೆ ಅವರು ಅತ್ತರು. ಗಾಯ ಇನ್ನೂ ತೆರೆದೇ ಇದೆ, ಅಂಚು ದೊಡ್ಡದಾಗಿದೆ, ನೀನು ಏಪ್ರಿಲ್ ಪೂರ್ತಿ ನಿಲ್ದಾಣಕ್ಕೆ ಹೋಗಿಲ್ಲ. ಬಗ್ಗಿ ಬಗ್ಗಿ ಪಟ್ಟಿ ಕಟ್ಟಿ ಅವರ ಸೊಂಟವೂ ಕೈಕೊಟ್ಟಿದೆ. ಇದನ್ನು ಯಾರಿಗೂ ಹೇಳಬಾರದೆಂದು ನೀನು ಮಾತು ತೆಗೆದುಕೊಂಡಿದ್ದೀಯಂತೆ. ಅವರನ್ನು ಬೈಯಬೇಡ, ನಾನು ಬಿಡಲಿಲ್ಲ.

ಚರ್ಮ ಬೆಳೆಸುವವರಿಂದ ನಿನ್ನ ಮಾಮನಿಗೆ ಉತ್ತರ ಬಂದಿದೆ. ನಿನ್ನ ತೋಳನ್ನು ನೋಡಬೇಕಂತೆ. ಆಗುತ್ತದೋ ಇಲ್ಲವೋ, ಆದರೂ ಎಷ್ಟು ವರ್ಷವೋ ಅವರಿಗೇ ಗೊತ್ತಿಲ್ಲ. ಅದನ್ನು ಅವರು ನೋಡಿಕೊಳ್ಳಲಿ, ಸೂಕ್ಷ್ಮದರ್ಶಕ ಇರುವುದು ಅವರ ಹತ್ತಿರ. ನನ್ನ ಹತ್ತಿರ ಇರುವುದು ಕಾರು, ಎರಡು ಗಟ್ಟಿ ಕೈ. ಪಟ್ಟಿ ಕಟ್ಟುವುದನ್ನು ಇಲ್ಲಿನ ನರ್ಸಮ್ಮನಿಂದ ವಾರಪೂರ್ತಿ ಕಲಿತಿದ್ದೇನೆ, ಎಳೆಯದೆ, ಅಂಟಿಸದೆ, ಪ್ರತಿ ಪದರಕ್ಕೂ ಎಣ್ಣೆಬಟ್ಟೆ ಇಟ್ಟು. ಅಭ್ಯಾಸಕ್ಕೆಂದು ನಿನ್ನ ಮಾಮನ ಕಾಲಿಗೆ ದಿನಾ ಕಟ್ಟಿ ಬಿಚ್ಚಿದೆ. ಯಾಕೆಂದು ಕೇಳಿದರು, ಸುಮ್ಮನಿರಿ ಅಂದೆ.

ಇನ್ನು ಮೂರು ದಿನಕ್ಕೆ ಹೊರಡುತ್ತೇನೆ. ಆ ಗಾಯ ಮುಚ್ಚುವವರೆಗೆ ಬೆಳಗಿನ ಪಟ್ಟಿ ನನ್ನದು, ನಿನ್ನ ಅಮ್ಮ ಮಲಗಿರಲಿ. ಎಷ್ಟು ತಿಂಗಳಾದರೂ ಸರಿ. ಬೇಡ ಅನ್ನಬೇಕೆನಿಸಿದರೆ ಧಾರಾಳವಾಗಿ ಕಾಗದ ಬರೆ. ಅದು ಇಲ್ಲಿಗೆ ತಲುಪುವಷ್ಟರಲ್ಲಿ ನಾನು ಅಲ್ಲಿರುತ್ತೇನೆ.

ನಿನ್ನ ಅತ್ತೆ